ಬಣ್ಣ ಬಿಟ್ಟ ಕೆಂಪು ಸೀರೆ

ಕೊಟ್ರಮ್ಮ ಆದೋನಿಯಲ್ಲಿ ಎಮ್ಮಿಗನೂರಿನ ಕೈಮಗ್ಗದ ಸೀರೆ ಮಾರುವವಳು. ಅಂಗಡಿ ಸಣ್ಣದು, ಇನ್‌ಸ್ಟಾಗ್ರಾಂ ಪುಟ ಮಾತ್ರ ದೊಡ್ಡದು. ನಲವತ್ತು ಸಾವಿರ ಫಾಲೋವರ್ಸ್. ಪುಟ ನೋಡಿಕೊಳ್ಳುವ ಸಾಯಿಕುಮಾರ್ ಹೇಳಿದನೆಂದು ದಿನಕ್ಕೊಂದು ಸೀರೆ ಉಟ್ಟು ವಿಡಿಯೊದಲ್ಲಿ ಸಿನಿಮಾ ಹಾಡಿಗೆ ತಲೆದೂಗುತ್ತಿದ್ದಳು. ಐವತ್ತು ದಾಟಿದವಳಿಗೆ ನಾಚಿಕೆಯೇ. ಆದರೆ ಆ ಫಾಲೋವರ್ಸ್ ಎಲ್ಲ ತನ್ನ ಗಿರಾಕಿಗಳು, ಅವರು ಮುನಿದರೆ ಅಂಗಡಿ ಮುಚ್ಚಿದಂತೆ ಎಂದು ನಂಬಿದ್ದಳು.

ಒಂದು ಶನಿವಾರ ಬೆಳಗ್ಗೆ ಕೌತಾಳಂನ ಸುಷಮಾ ಟೀಚರ್ ಪುಟದಲ್ಲಿ ಬರೆದರು: "ನಿಮ್ಮ ಕೆಂಪು ಸೀರಿ ಮೊದಲ ಸಲ ಒಗದಾಗ ಬಣ್ಣ ಬಿಟ್ಟೈತ್ರಿ." ಜೊತೆಗೆ ಗುಲಾಬಿ ಕಲೆ ಹತ್ತಿದ ಬಿಳಿ ಅಂಗಿಯ ಫೋಟೊ.

ಕೊಟ್ರಮ್ಮ ಗಾಬರಿಯಿಂದ ಫೋನ್ ಮಾಡಿದರೆ ಸಾಯಿಕುಮಾರ್ ನಕ್ಕ. "ಏಂ ಕಾದಕ್ಕಾ, ಏನೂ ಆಗಂಗಿಲ್ಲ, ಡಿಲೀಟ್ ಮಾಡ್ತೀನಿ. ಯಾರೂ ನೋಡಂಗಿಲ್ಲ."

ಅಳಿಸಿದ. ಮಧ್ಯಾಹ್ನದೊಳಗೆ ಸುಷಮಾ ಮತ್ತೆ ಬರೆದರು: "ಯಾಕ ಅಳಿಸಿದ್ರಿ?" ಅವರ ಹಿಂದೆ ಹತ್ತಾರು ಮಂದಿ ಅದನ್ನೇ ಕೇಳತೊಡಗಿದರು. ಕೊಟ್ರಮ್ಮ ತಡೆಯಲಾರದೆ ಎಮ್ಮಿಗನೂರಿನ ನೇಕಾರ ಉರುಕುಂದಪ್ಪನಿಗೆ ಫೋನ್ ಹಚ್ಚಿದಳು.

ಆತ ಅಳುಕುತ್ತಲೇ ಒಪ್ಪಿಕೊಂಡ. "ಖರೇ ಐತಿ ಯಕ್ಕಾ. ದಸರಾ ಮೊದಲಿನ ಕೆಂಪು ನೂಲಿಗೆ ಬಣ್ಣ ಸರಿ ಹಿಡಿದಿಲ್ಲ. ಹೇಳಾಕ ಅಂಜಿದೆ."

ಖರೇ ಹೇಳಿದವರ ಬಾಯಿ ಮುಚ್ಚಿಸಿದೆನಲ್ಲ ಎಂದು ಕೊಟ್ರಮ್ಮನಿಗೆ ಚುರುಕ್ಕೆಂದಿತು. ಫೋನನ್ನು ಸೀರೆಗಳ ಗಂಟಿಗೆ ಆನಿಸಿಟ್ಟು, ವಿಡಿಯೊ ಹಚ್ಚಿ ಅದರೆದುರು ಕೂತಳು. ಹಾಡೂ ಇಲ್ಲ, ಪಾಡೂ ಇಲ್ಲ.

"ತಪ್ಪು ನಮ್ಮದೈತ್ರಿ. ಅಳಿಸಿದ್ದೂ ತಪ್ಪು. ದಸರಾ ಮುಂದ ಒಯ್ದ ಕೆಂಪು ಸೀರಿ ಬಣ್ಣ ಬಿಟ್ಟಿದ್ರ ತಂದು ಕೊಡ್ರಿ, ಬ್ಯಾರೆ ಒಯ್ರಿ."

"ಮುಗೀತಕ್ಕಾ ಅಂಗಡಿ ಕಥೆ," ಎಂದ ಅದನ್ನು ಪುಟದಲ್ಲಿ ನೋಡಿದ ಸಾಯಿಕುಮಾರ್.

ಭಾನುವಾರ ಬಾಗಿಲು ತೆರೆಯುವಾಗಲೇ ನಾಲ್ಕು ಹೆಂಗಸರು ನಿಂತಿದ್ದರು. ಎಲ್ಲರೂ ಸೀರೆ ವಾಪಸ್ಸು ಕೊಡಲು ಬಂದವರೇ ಎಂದುಕೊಂಡಳು ಕೊಟ್ರಮ್ಮ. ನೋಡಿದರೆ, ಸೀರೆ ಹಿಂದಿರುಗಿಸಲು ಬಂದವರು ಸುಷಮಾ ಒಬ್ಬರೇ. ಉಳಿದ ಮೂವರು ಅವರ ಶಾಲೆಯ ಟೀಚರುಗಳು, ಕೊಳ್ಳಲು ಬಂದವರು.

"ತಪ್ಪು ಒಪ್ಪಿಕೊಳ್ಳೋ ಅಂಗಡಿ ಎಲ್ಲಿ ಸಿಗತೈತ್ರಿ? ಅದಕ್ಕ ಇವರನ್ನೂ ಕರಕೊಂಡು ಬಂದೆ," ಎಂದರು ಸುಷಮಾ.

"ಮೊದಲ ಸಲ ನನ್ನ ಹಾಡಿನ ವಿಡಿಯೊ ನೋಡಿ ಬಂದಿದ್ರೇನವ್ವಾ?"

"ಇಲ್ರಿ, ನಮ್ಮತ್ತಿ ಹೇಳಿದ್ರು. ಪುಟದಾಗ ಅಂಗಡಿ ಅಡ್ರೆಸ್ ಅಷ್ಟ ನೋಡಿದ್ದೆ."

ಕೊಟ್ರಮ್ಮ ಗಲ್ಲಾಪೆಟ್ಟಿಗೆಯ ಹಿಂದೆ ಧೊಪ್ಪನೆ ಕೂತು ಮನಸಾರೆ ನಕ್ಕಳು. ಗಿರಾಕಿ ಬಂದದ್ದು ಬಾಯಿಮಾತಿನಿಂದ, ಇಷ್ಟು ದಿನ ತಾನು ಅಂಜಿದ್ದು ಸುಮ್ಮನೆ. ಟೀಚರುಗಳು ಸೀರೆ ಬಿಚ್ಚಿ ನೋಡುತ್ತಿರುವಾಗಲೇ ಎಮ್ಮಿಗನೂರಿಗೆ ಫೋನ್ ಮಾಡಿದಳು.

"ಉರುಕುಂದಪ್ಪಾ, ಅಂಜಬ್ಯಾಡೋ, ಏನೂ ಆಗಿಲ್ಲ. ನೀಲಿ ಸೀರಿ ಎಷ್ಟದಾವ ಹೇಳು. ಆದ್ರ ಈ ಸಲ ಒಗದು ನೋಡಿ ಕಳಸು."