ರಷ್ಯಕ್ಕೂ ರಷ್ಯಕ್ಕೂ ಇರುವ ವ್ಯತ್ಯಾಸ

ಆ ವರ್ಷದ ಅರ್ಧವಾರ್ಷಿಕ ಪರೀಕ್ಷೆಗೆ ಚರಿತ್ರೆಯ ಪ್ರಶ್ನೆಪತ್ರಿಕೆ ತೆಗೆದವರು ಶ್ರೀರಂಗಯ್ಯ ಮೇಷ್ಟ್ರು. ತಿಪಟೂರಿನ ಅವರ ಹೈಸ್ಕೂಲಿಗೂ ತುರುವೇಕೆರೆಯ ಇನ್ನೊಂದು ಹೈಸ್ಕೂಲಿಗೂ ಅದೇ ಪತ್ರಿಕೆ. ಎರಡೂ ಕಡೆಯ ಉತ್ತರ ತಿದ್ದುವವರೂ ಅವರೇ. ಪ್ರಷ್ಯ ಬೇರೆ, ರಷ್ಯ ಬೇರೆ ಎಂದು ಮಕ್ಕಳ ತಲೆಗೆ ತುಂಬಲು ಎರಡು ತಿಂಗಳು ಗಂಟಲು ಹರಿದುಕೊಂಡಿದ್ದರು. ಹಾಗಾಗಿ ಐದನೆಯ ಪ್ರಶ್ನೆಯನ್ನು ಬಹಳ ಆಸೆಯಿಂದ ಬರೆದರು: ‘ಪ್ರಷ್ಯಕ್ಕೂ ರಷ್ಯಕ್ಕೂ ಇದ್ದ ವ್ಯತ್ಯಾಸಗಳನ್ನು ತಿಳಿಸಿ. ಐದು ಅಂಕ.’

ಅಚ್ಚಿಗೆ ಕೊಟ್ಟದ್ದು ಕೊಬ್ಬರಿ ಮಂಡಿಗಳ ಬೀದಿಯ ಪುಟ್ಟ ಪ್ರೆಸ್ಸಿಗೆ. ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ತಿಪ್ಪಯ್ಯ, ಲಗ್ನಪತ್ರಿಕೆಗಳಲ್ಲಿ ಬೀಗರ ಹೆಸರನ್ನೇ ತಿದ್ದಿ ಬೈಸಿಕೊಂಡವನು. ದಿನಾ ಪೇಪರ್ ಓದುವ ತನಗೆ ಗೊತ್ತಿಲ್ಲದ ದೇಶ ಇರಲಾರದೆಂದು, ಮೇಷ್ಟ್ರ ಕೈತಪ್ಪನ್ನು ಸರಿ ಮಾಡಿಬಿಟ್ಟ.

ಸೋಮವಾರ ತಿಪಟೂರಿನಲ್ಲಿ ಪರೀಕ್ಷೆ. ಬಿಳಿಗೆರೆಯ ರಾಮಕ್ಕ ಎಂಬ ಹುಡುಗಿ ಎದ್ದು ನಿಂತಳು.

“ಸಾ, ರಷ್ಯಕ್ಕೂ ರಷ್ಯಕ್ಕೂ ಏನ್ ಸಾ ವ್ಯತ್ಯಾಸ?”

ಕಾವಲಿಗಿದ್ದವರು ಡ್ರಾಯಿಂಗ್ ಮೇಷ್ಟ್ರು. “ಗೊತ್ತಿದ್ರೆ ಬರಿ, ಇಲ್ದಿದ್ರೆ ಕೂತ್ಕೊ” ಎಂದರು.

ಮಕ್ಕಳು ಬರೆದರು. ಸಂಜೆ ಶ್ರೀರಂಗಯ್ಯ ಉತ್ತರಗಳ ಕಟ್ಟು ಬಿಚ್ಚಿದಾಗ ಮೊದಲನೆಯದರಲ್ಲೇ ಹೀಗಿತ್ತು: ‘ಒಂದು ರಷ್ಯದಲ್ಲಿ ಚಳಿ. ಇನ್ನೊಂದರಲ್ಲಿ ಇನ್ನೂ ಚಳಿ.’ ಮತ್ತೊಬ್ಬ, ‘ಮೊದಲನೆಯ ರಷ್ಯ ದೊಡ್ಡಮ್ಮನ ಮಗ, ಎರಡನೆಯದು ಚಿಕ್ಕಮ್ಮನ ಮಗ’ ಎಂದಿದ್ದ. ರಾಮಕ್ಕ ಒಂದು ಪುಟ ತುಂಬಿಸಿದ್ದಳು: ‘ನಮ್ಮೂರಲ್ಲಿ ಇಬ್ಬರು ವೆಂಕಟಯ್ಯ ಇದ್ದಾರೆ. ಒಬ್ಬರಿಗೆ ಮೀಸೆ ಇದೆ. ರಷ್ಯವೂ ಹಾಗೆಯೇ.’

ಮೇಷ್ಟ್ರು ಚಪ್ಪಲಿ ಮೆಟ್ಟಿ ಸೀದಾ ಪ್ರೆಸ್ಸಿಗೆ ನಡೆದರು.

“ಏನಯ್ಯಾ ತಿಪ್ಪಯ್ಯ, ನನ್ನ ಪ್ರಷ್ಯ ಎಲ್ಲಿ?”

ಅದು ಕೈತಪ್ಪಲ್ಲ, ನಿಜವಾದ ದೇಶವೇ ಎಂದು ತಿಳಿದು ತಿಪ್ಪಯ್ಯ ಮಸಿ ಮೆತ್ತಿದ ಕೈಯಲ್ಲೇ ತಲೆ ಕೆರೆದುಕೊಂಡ.

“ಈಗೆಲ್ಲೈತೆ ಮೇಷ್ಟ್ರೇ ಅದು?”

“ಈಗಿಲ್ಲ. ಜರ್ಮನಿ ಒಳಗೆ ಸೇರ್ಕೊಂಡಿತ್ತು. ಯುದ್ಧ ಆದ್ಮೇಲೆ ಹೆಸರೂ ಬೇಡ ಅಂತ ಅಳಿಸಿ ಹಾಕಿದ್ರು.”

“ನೋಡಿ ಮತ್ತೆ! ಅವ್ರು ಅಳಿಸಿದ್ನೇ ನಾನೂ ಅಳಿಸ್ದೆ. ನಂದೊಂದೇ ತಪ್ಪಾ?”

ತುರುವೇಕೆರೆಯಲ್ಲಿ ಪರೀಕ್ಷೆ ಇದ್ದದ್ದು ಬುಧವಾರ. ಮೇಷ್ಟ್ರು ಸಿಟ್ಟಿನಲ್ಲೇ ಅಲ್ಲಿದ್ದ ಕಾಗದದ ಮೇಲೆ ತಿದ್ದುಪಡಿ ಗೀಚಿ, “ಇದ್ನ ಅಚ್ಚು ಹಾಕಿ ನಾಳೆ ಬಸ್ಸಿಗೆ ಕಳ್ಸು. ಒಂದಕ್ಷರ ಮುಟ್ಟಿದ್ರೆ ನೋಡು!” ಎಂದು ಹೊರಟರು. ತಿಪ್ಪಯ್ಯ ಈ ಸಲ ಒಂದಕ್ಷರವನ್ನೂ ಮುಟ್ಟಲಿಲ್ಲ. ಮೇಷ್ಟ್ರು ಬರೆದದ್ದು ಬರೆದಂತೆಯೇ ಅಚ್ಚಾಯಿತು: ‘ಐದನೆಯ ಪ್ರಶ್ನೆಯಲ್ಲಿ ರಷ್ಯ ಎಂದಿರುವ ಕಡೆಯೆಲ್ಲ ಪ್ರಷ್ಯ ಎಂದು ಓದಿಕೊಳ್ಳುವುದು.’

ತುರುವೇಕೆರೆಯ ಮಕ್ಕಳು ಹಾಗೆಯೇ ಓದಿಕೊಂಡರು. ಪ್ರಷ್ಯಕ್ಕೂ ಪ್ರಷ್ಯಕ್ಕೂ ವ್ಯತ್ಯಾಸ ಬರೆದರು.

ಗುರುವಾರ ಆ ಕಟ್ಟು ಬಂದಾಗ ತಿದ್ದುಪಡಿ ಚೀಟಿಯನ್ನು ಮೇಷ್ಟ್ರು ಮೂರು ಸಲ ಓದಿದರು. ಅಕ್ಷರ ಅವರದೇ, ಬುದ್ಧಿಯೂ ಅವರದೇ. ಬೈಯಲು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಐದಕ್ಕೆ ಎರಡು ಎಂದು ಕೆಂಪು ಶಾಯಿಯಲ್ಲಿ ಹಾಕುತ್ತ ಹೋದರು.

ಪುಟ್ಟಗಂಗಮ್ಮ ಎಂಬ ಹುಡುಗಿಯ ಉತ್ತರ ಬಂದಾಗ ಪೆನ್ನು ನಿಂತಿತು. ‘ಪ್ರಶ್ನೆಯೂ ತಪ್ಪು, ತಿದ್ದುಪಡಿಯೂ ತಪ್ಪು. ಇಲ್ಲಿ ಕೇಳಬೇಕಾದ್ದು ಪ್ರಷ್ಯ ಮತ್ತು ರಷ್ಯ’ ಎಂದು ಅವಳು ಮೊದಲ ಸಾಲಿನಲ್ಲೇ ಬರೆದಿದ್ದಳು. ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ಕನ್ನಡಕ ಒರೆಸಿಕೊಂಡು, ಹೆಂಡತಿ ವಿಮಲಮ್ಮನನ್ನು ಕೂಗಿ ಕರೆದು, ಗಟ್ಟಿಯಾಗಿ ಓದತೊಡಗಿದರು.

“ಪ್ರಷ್ಯವನ್ನು ತ್ಸಾರ್ ಎಂಬ ದೊರೆ ಆಳುತ್ತಿದ್ದನು. ರಷ್ಯದ ರಾಜಧಾನಿ ಬರ್ಲಿನ್...”

ದನಿ ಇಳಿಯುತ್ತಾ ಬಂತು. ಕೊನೆಯ ಸಾಲಿನವರೆಗೂ ಎಲ್ಲವೂ ಅದಲು ಬದಲು.

“ಆ ಮಗು ಸರಿಯಾಗಿ ಬರ್ದೈತಾ?” ವಿಮಲಮ್ಮ ಕೇಳಿದರು.

“ಎಲ್ಲಾ ಸರಿಯಾಗಿದೆ ಕಣೇ, ದೇಶ ಎರಡು ಬಿಟ್ಟು” ಎಂದು ಮೇಷ್ಟ್ರು ಐದಕ್ಕೆ ಐದು ಕೊಟ್ಟರು.