ಕನ್ನಡದಲ್ಲಿ ಹೇಳಿ, ಮಾಸ್ಟ್ರೆ

ಮೂಡುಬಿದಿರೆಯಲ್ಲಿ ಬಸ್ಸು ನಿಲ್ಲುವಲ್ಲಿ ಪದ್ಮಯ್ಯ ಮಾಸ್ಟ್ರಿಗೆ ನನ್ನ ಗುರುತು ಸಿಗಲಿಲ್ಲ. ಆರನೆಯ ಕ್ಲಾಸಿನಲ್ಲಿ ಶಾಲೆ ಬಿಟ್ಟ ಹುಡುಗನಿಗೂ ಮೀಸೆ ಬರುತ್ತದೆ ಎಂದು ಅವರು ಎಣಿಸಿರಲಿಕ್ಕಿಲ್ಲ.

"ಗಂಟು ಹೊರುತ್ತೀಯೇನಪ್ಪ?"

"ಹೊರ್ತೇನೆ" ಎಂದೆ. ಕೂಲಿ ಎಷ್ಟೆಂದು ಕೇಳಲೂ ಇಲ್ಲ.

ಜೊತೆಯಲ್ಲಿ ಧಾರವಾಡದ ಪಾಟೀಲರಿದ್ದರು. ರಾಜ್ಯ ಒಂದಾದ ಮರುವರ್ಷ ಅದು. ಹಳೆಯ ಬಸದಿ, ಬಿದ್ದ ಕೋಟೆ ಎಲ್ಲವನ್ನೂ ನಡೆದೇ ನೋಡುವ ಹುಚ್ಚು ಆ ಮನುಷ್ಯನಿಗೆ. ತಮ್ಮ ಚೀಲವನ್ನು ತಾವೇ ಬೆನ್ನಿಗೆ ಕಟ್ಟಿಕೊಂಡಿದ್ದರು. ಮಾಸ್ಟ್ರ ಹಾಸಿಗೆ, ಬಟ್ಟೆ, ಚೊಂಬು ನನ್ನ ಬೆನ್ನಿಗೆ ಬಂತು. ಸಾವಿರ ಕಂಬದ ಬಸದಿ ನೋಡಿ ವೇಣೂರಿಗೆ ನಡೆದೆವು. ಅಲ್ಲಿ ಗೊಮ್ಮಟನ ಕಾಲಡಿಯಲ್ಲಿ ನಿಂತು ಮಾಸ್ಟ್ರು ಹೇಳಿದರು: "ನಮ್ಮ ಮನೆಯಲ್ಲಿ ಮೊದಲಿನಿಂದಲೂ ಶುದ್ಧ ಕನ್ನಡವೇ. ತುಳು ನನಗೆ ಅಷ್ಟಾಗಿ ತಿಳಿಯದು."

ಅವರ ತಾಯಿ ಬಂಟ್ವಾಳ ಪೇಟೆಯಲ್ಲಿ ತುಳುವಿನಲ್ಲೇ ಜಗಳ ಮಾಡಿ ಸೌತೆಕಾಯಿ ಕೊಳ್ಳುತ್ತಿದ್ದುದನ್ನು ನಾನು ಕಂಡಿದ್ದೇನೆ.

ಶಾಲೆಯಲ್ಲಿ ಅವರ ಬೆತ್ತ ಬಿದ್ದ ದಿನ ನಾನು "ಅಪ್ಪೇ" ಎಂದು ಅತ್ತಿದ್ದೆ. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ. ಪೆಟ್ಟು ತಿಂದವನು ಭಾಷೆ ಆರಿಸಿಕೊಂಡು ಅಳುವುದಿಲ್ಲ. ಮಾಸ್ಟ್ರು ಬೆತ್ತ ತಡೆದು, ಇಡೀ ಕ್ಲಾಸಿಗೆ ಕೇಳುವ ಹಾಗೆ, "ಅಪ್ಪನನ್ನು ಕರೆಯುತ್ತಿದ್ದಾನೆ. ಯಾವ ಅಪ್ಪನನ್ನೋ? ಹೆಸರು ಹೇಳು, ಕರೆಸುವ" ಎಂದರು. ನನ್ನ ತಂದೆ ಯಾರೆಂದು ನನ್ನ ತಾಯಿ ಪೂವಮ್ಮ ಊರಿಗೆ ಹೇಳಿರಲಿಲ್ಲ. ಅಪ್ಪೆ ಎಂದರೆ ತಾಯಿಯೆಂದು ಮಾಸ್ಟ್ರಿಗೆ ಗೊತ್ತಿತ್ತು, ಮಕ್ಕಳಿಗೂ ಗೊತ್ತಿತ್ತು. ಆದರೂ ಎಲ್ಲರೂ ನಕ್ಕರು. ಮರುದಿನದಿಂದ ನಾನು ಶಾಲೆಯ ಕಡೆ ಕಾಲಿಡಲಿಲ್ಲ.

ಆ ನಗುವನ್ನು ಅವರಿಗೆ ತಿರುಗಿ ಕೊಡಬೇಕಿತ್ತು. ಎಲ್ಲಿ, ಹೇಗೆ ಎಂದು ತಿಳಿಯದೆಯೇ ಗಂಟು ಹೊತ್ತು ಹಿಂದೆ ನಡೆದೆ.

ಬೆಳ್ತಂಗಡಿ ದಾಟಿ ಗಡಾಯಿಕಲ್ಲಿನ ಕೋಟೆ ಹತ್ತಿದೆವು. ಬೋಳು ಬಂಡೆ, ಬಂಡೆಯಲ್ಲೇ ಕಡಿದ ಮೆಟ್ಟಿಲು, ಒಂದು ಬದಿಗೆ ಏನೂ ಇಲ್ಲ. ಮೇಲೆ ಕುಸಿದ ಗೋಡೆಗಳು, ಕೋವಿಮದ್ದಿನ ಮನೆ, ಪಾಚಿಗಟ್ಟಿದ ಕೆರೆ. ಪಾಟೀಲರು ಒಂದೊಂದು ಕಲ್ಲನ್ನೂ ಮುಟ್ಟಿ ನೋಡಿದರು. ಇಳಿಯುವಾಗ ಹನಿ ಬಿತ್ತು. ಮಾಸ್ಟ್ರು ಮುಂದೆ, ನಾನು ನಡುವೆ, ಪಾಟೀಲರು ಹಿಂದೆ. ಕೋಟೆಯ ಚರಿತ್ರೆ ಹೇಳಲೆಂದು ಮಾಸ್ಟ್ರು ಹಿಂದಕ್ಕೆ ತಿರುಗಿದ್ದೇ ಕಾಲು ಜಾರಿತು.

"ಅಪ್ಪೇ..."

ಅವರ ಮಣಿಕಟ್ಟು ನನ್ನ ಕೈಗೆ ಸಿಕ್ಕಿತು. ಅವರ ಕಾಲುಗಳು ಬಂಡೆಯಂಚಿನ ಹೊರಗೆ ಆಡುತ್ತಿದ್ದವು.

"ಪಾಪ, ಅಪ್ಪನ್ನ ನೆನಸ್ಲಿಕ್ಕತ್ತಾರ. ಎಳಿಯೋ ತಮ್ಮಾ, ಲಗೂನ" ಎಂದರು ಪಾಟೀಲರು. ಮೆಟ್ಟಿಲಿನ ಅಗಲಕ್ಕೂ ನಾನೇ ಇದ್ದುದರಿಂದ ಅವರಿಗೆ ಮುಂದೆ ಬರಲಾಗಲಿಲ್ಲ.

ನಾನು ಎಳೆಯಲಿಲ್ಲ. "ಯಾವ ಅಪ್ಪನನ್ನು ಮಾಸ್ಟ್ರೆ? ಹೆಸರು ಹೇಳಿ, ಕರೆಸುವ."

ಅವರು ನನ್ನ ಮುಖ ನೋಡಿದರು. ಆಗ ಗುರುತು ಸಿಕ್ಕಿತು. "ಹುಕ್ರ..."

"ಕನ್ನಡದಲ್ಲಿ ಹೇಳಿ, ಮಾಸ್ಟ್ರೆ. ಅಪ್ಪೆ ಅಂದರೆ ಯಾರು?"

"ಅಮ್ಮ" ಎಂದರು.

"ಪಾಟೀಲರಿಗೆ ಕೇಳಲಿಲ್ಲ."

"ಅಮ್ಮ. ತುಳುವಿನಲ್ಲಿ ಅಮ್ಮ. ನಮ್ಮ ಮನೆಮಾತು ಅದು. ಎಳೆಯೋ, ದಮ್ಮಯ್ಯ."

ಕೈ ಬಿಡಬಹುದಿತ್ತು. ಮಳೆ ಇತ್ತು, ಜಾರಿತು ಎಂದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಸತ್ತವನಿಗೆ ನಾಚಿಕೆ ಆಗುವುದಿಲ್ಲ. ಅದಕ್ಕೇ ಎಳೆದೆ.

ಮಾಸ್ಟ್ರು ಮೆಟ್ಟಿಲ ಮೇಲೆ ಕುಕ್ಕರಿಸಿ ಉಸಿರು ಬಿಡುತ್ತಿದ್ದರು. ಹಿಂದಿನಿಂದ ಪಾಟೀಲರ ಮಾತು ಬಂತು: "ಅಲ್ರೀ ಮಾಸ್ತರ, ನಿಮ್ಮ ಮನ್ಯಾಗ ಬರೇ ಕನ್ನಡ ಅಂದಿದ್ರಿ. ಹೊತ್ತು ಬಂದಾಗ ಖರೇ ಅವ್ವ ಹೊರಗ ಬಂದ್ಳು ನೋಡ್ರಿ." ಹೇಳಿ ನಕ್ಕರು. ಹೆದರಿಕೆ ಕಳೆದ ಮನುಷ್ಯನ ದೊಡ್ಡ ನಗು. ಬಂಡೆಗೆ ಬಡಿದು ಇನ್ನೊಮ್ಮೆ ಕೇಳಿಸಿತು. ಮಾಸ್ಟ್ರು ತಲೆ ಎತ್ತಲಿಲ್ಲ.

ಕೆಳಗೆ ಮುಟ್ಟಿದ ಮೇಲೆ ಗಂಟನ್ನು ಅವರ ಕಾಲ ಬಳಿ ಇಳಿಸಿದೆ. ಪಾಟೀಲರು ಸ್ವಲ್ಪ ಮುಂದೆ ಹೋಗಿದ್ದರು. ಮಾಸ್ಟ್ರು ಗಂಟನ್ನು ನೋಡಿದರು, ಬೆಳ್ತಂಗಡಿಯ ದಾರಿ ನೋಡಿದರು. ಬೆಳ್ತಂಗಡಿಯವರೆಗೆ ಹೊತ್ತು ಬಾ ಎಂದು ಸ್ವರ ತಗ್ಗಿಸಿ ತುಳುವಿನಲ್ಲಿ ಬೇಡಿದರು: "ಹುಕ್ರಾ, ಬೆಳ್ತಂಗಡಿ ಮುಟ್ಟ ಪತ್ತೊಂದು ಬಲ, ಮಗಾ."

"ತುಳು ನನಗೆ ಅಷ್ಟಾಗಿ ತಿಳಿಯದು" ಎಂದು ಹೇಳಿ ನಡೆದೆ.