ಭಲೆ ಬೀಳುವ ಜಾಗ

ಯಾರ ದನಿಯೋ ಇದು, ಎಷ್ಟು ಅಚ್ಚುಕಟ್ಟಾಗಿ ಹಾಡುತ್ತಾಳೆ, ಒಗೆದು ಇಸ್ತ್ರಿ ಮಾಡಿದ ಹಾಗೆ, ಅಂದುಕೊಂಡ ಮೇಲೆ ಕರಿಬಸಮ್ಮನಿಗೆ ಹೊಳೆಯಿತು ಅದು ತನ್ನದೇ ಅಂತ — ಡ್ರೈವರನ ತಲೆಯ ಮೇಲೆ, ದೇವರ ಪಟದ ಪಕ್ಕ ಕೂರಿಸಿದ ಟೇಪ್‌ರೆಕಾರ್ಡರಿನಿಂದ ಬರುತ್ತಿದೆ, ಕುಣಿಗಲ್ ಬಿಟ್ಟು ಇನ್ನೂ ಹತ್ತು ನಿಮಿಷ ಆಗಿಲ್ಲ, ಕೆರೆ ಕಡೆಯ ತಂಪು ಗಾಳಿ ಕಿಟಕಿಯಲ್ಲಿ ಬರುತ್ತಲೇ ಇದೆ, ಹಾಡಿದವಳು ಇಲ್ಲೇ ಮೂರನೇ ಸೀಟಿನಲ್ಲಿ ಬ್ಯಾಗು ತಬ್ಬಿಕೊಂಡು ಕೂತಿದ್ದಾಳೆ ಅಂತ ಬಸ್ಸಿನಲ್ಲಿ ಒಬ್ಬರಿಗೂ ಗೊತ್ತಿಲ್ಲ, ಗೊತ್ತಾಗದಿದ್ದರೇ ಒಳ್ಳೆಯದು, ಪಕ್ಕದ ಹೆಂಗಸು ತಾನೇ ಎದ್ದು ಕಿಟಕಿಯ ಜಾಗ ಬಿಟ್ಟುಕೊಟ್ಟಳು, ಕೂತ್ಕಳಿ ಅಮ್ಮಾ, ಮುಖ ಯಾಕೋ ಬಾಡೋಗೈತೆ, ವಾಂತಿ ಬಂದಂಗಾದ್ರೆ ಇದನ್ನ ಮೂಸ್ಕಳಿ ಅಂತ ಸೆರಗಿನ ಗಂಟಿನಿಂದ ಒಂದು ನಿಂಬೆಹಣ್ಣು ತೆಗೆದು ಕೈಗಿಟ್ಟಳು, ಯಾರೋ ಏನೋ, ಹೆಸರೂ ಕೇಳಲಿಲ್ಲ. ಈಗ ಓಡುತ್ತಿರುವುದು ಕ್ಯಾಸೆಟ್ಟಿನ ಎರಡನೇ ಬದಿ, ಮದುವೆ ಮನೆಯಲ್ಲಿ, ಹೋಟೆಲಿನಲ್ಲಿ ಜನ ಗುನುಗುವಂಥ ಹಾಡುಗಳು, ಮೊದಲನೇ ಬದಿಯಲ್ಲಿ ಕಂಪನಿ ನಾಟಕದ ಹಾಡುಗಳು — ತುಮಕೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಸರಳೆ ಜಂಟಿವರಸೆ ಹೇಳಿಕೊಟ್ಟ, ವಿದ್ವತ್ ಪಾಸು ಮಾಡಿದ, ರಾಮೋತ್ಸವದಲ್ಲಿ ಕಣ್ಣು ಮುಚ್ಚಿಕೊಂಡು ಕೀರ್ತನೆ ಹಾಡುವ ಕರಿಬಸಮ್ಮ ಮೇಡಂ ಇಂಥವನ್ನೂ ಹಾಡುತ್ತಾರೆಯೇ ಅಂತ ಸ್ಟಾಫ್ ರೂಮಿನಲ್ಲಿ ಮಾತಾಗಿತ್ತು, ಮಂಡಿಪೇಟೆಯ ಕ್ಯಾಸೆಟ್ ಅಂಗಡಿ ಮಹಾಲಿಂಗಯ್ಯ ಮಾತ್ರ ಬಿಡಲಿಲ್ಲ, ಮೇಡಮ್ಮೋರೆ, ಕಂಪನಿಯೋರು ಹಾಡುದ್ರೆ ಯಾರೂ ಕೇಳಲ್ಲ, ಸಿನಿಮಾದೋರು ಹಾಡುದ್ರೆ ಕೇಳಿ ಬುಟ್ಬುಡ್ತಾರೆ, ನಿಮ್ಮಂಥ ಶಾಸ್ತ್ರೀಯದೋರು ಹಾಡುದ್ರೆ ಮಡಿಕ್ಕತಾರೆ ಅಂದಿದ್ದರು, ನಿಜವೇ, ಮಡಗಿಕೊಂಡಿದ್ದಾರೆ, ಈ ಡ್ರೈವರೂ ಮಡಗಿಕೊಂಡಿದ್ದಾನೆ, ಎರಡು ವರ್ಷದಿಂದ ಸವೆದೂ ಇಲ್ಲ. ಆದರೆ ಬ್ಯಾಗಿನಲ್ಲಿ, ಸ್ಕೂಲಿನ ಸಣ್ಣ ಟೇಪ್‌ರೆಕಾರ್ಡರಿನ ಪಕ್ಕ, ಇನ್ನೊಂದಿದೆ, ಮೇಲೆ ಹೆಸರು ಬರೆಯದ ಬಿಳಿ ಕ್ಯಾಸೆಟ್ಟು, ಅದನ್ನು ಸಾಯಂಕಾಲದೊಳಗೆ ಗುಬ್ಬಿಗೆ ತೆಗೆದುಕೊಂಡು ಹೋಗಿ ಮೇಷ್ಟ್ರ ಮನೆಯ ಚಿಕ್ಕಮಾರಮ್ಮನವರ ಮುಂದೆ ಹಾಕಬೇಕೋ, ಬೇಡವೋ, ತುಮಕೂರು ಸ್ಟ್ಯಾಂಡು ಬರುವುದರೊಳಗೆ ತೀರ್ಮಾನವಾಗಬೇಕು, ಅಲ್ಲಿಂದ ಗುಬ್ಬಿ ಬಸ್ಸು ಕಾಲು ಗಂಟೆಗೊಂದು, ಆಮೇಲೆ ಯೋಚನೆಗೆ ಸಮಯವಿಲ್ಲ.

ಭಲೆ ಮಗಾ ಅನ್ನುತ್ತಿದ್ದರು ಮೇಷ್ಟ್ರು, ಗುಬ್ಬಿ ರಾಮಾಂಜಿನಯ್ಯ ಮೇಷ್ಟ್ರು, ಕಂಪನಿಯ ಹಾರ್ಮೋನಿಯಂ ಪೆಟ್ಟಿಗೆ ಅವರದು, ಕಾಲಿನಲ್ಲಿ ತುಳಿದು ಗಾಳಿ ತುಂಬಿಸುವಂಥದು, ಸ್ಟೇಜಿನ ಮುಂದೆ ತಗ್ಗಿನಲ್ಲಿ ಕೂತರೆ ಮೇಲಿನವರಿಗೆ ಬರೀ ರುಮಾಲು ಕಾಣುತ್ತಿತ್ತು — ಅಪ್ಪ ಅದೇ ಕಂಪನಿಯಲ್ಲಿ ಪರದೆ ಬರೆಯುತ್ತಿದ್ದರು, ಕಾಡು, ಅರಮನೆ, ಬೀದಿ, ಮೂರೇ ಪರದೆ, ತಾಯಿಯಿಲ್ಲದ ಮಗಳನ್ನು ಎಲ್ಲಿ ಬಿಡುವುದು ಅಂತ ಜೊತೆಗೇ ಕರೆದುಕೊಂಡು ತಿರುಗಿದರು, ಒಂಬತ್ತು ವರ್ಷಕ್ಕೆ ಪಾರ್ಟು ಬಂತು, ಕಾಡಿನಲ್ಲಿ ತಾಯಿಯನ್ನು ಹುಡುಕುವ ಬಾಲಕನ ಪಾರ್ಟು, ತಲೆಗೂದಲು ಕತ್ತರಿಸಿದ್ದಕ್ಕೆ ಅತ್ತಿದ್ದು ನೆನಪಿದೆ, ಅಪ್ಪ ಬರೆದ ಮರಗಳ ಮುಂದೆ ನಿಂತು ಕಾಪಿ ರಾಗದಲ್ಲಿ, ಕಾಡ ದಾರಿಯೇ ಹೇಳು, ತಾಯ ಹೆಜ್ಜೆ — ಎಲ್ಲಿ, ಆ ಎಲ್ಲಿ ಅನ್ನುವುದು ತಾರ ಷಡ್ಜಕ್ಕೆ ಹೋಗಬೇಕು, ಮೊದಲ ದಿನ ಹೆಜ್ಜೆ ಅನ್ನುವಲ್ಲಿಗೆ ಉಸಿರು ನಿಂತುಹೋಯಿತು, ಗ್ಯಾಸ್‌ಲೈಟಿನ ಆಚೆ ಜನ ಕೆಮ್ಮುವುದು ಕೇಳಿಸುತ್ತಿದೆ, ಆಗ ತಗ್ಗಿನಿಂದ ಬಂತು, ಭಲೆ ಮಗಾ, ಮೆಲ್ಲಗೆ, ಇನ್ನೂ ಹಾಡೇ ಇಲ್ಲ, ಆಗಲೇ ಭಲೆ, ಹಾಡಿಬಿಟ್ಟಳು. ಹಾಡಿದ ಮೇಲೆ ಭಲೆ ಅನ್ನುವವರು ಎಲ್ಲ ಊರಲ್ಲೂ ಇದ್ದರು, ಹಾಡುವುದಕ್ಕೆ ಮುಂಚೆ ಅಂದವರು ಅವರೊಬ್ಬರೇ. ಹತ್ತು ವರ್ಷ ಅದೇ ಜಾಗದಲ್ಲಿ ಅದೇ ಭಲೆ, ಅದು ಬಿದ್ದ ಮೇಲೇ ದನಿ ಏಳುವುದು, ಬಾವಿಯ ನೀರಿಗೆ ಕೊಡ ತಾಗಿದ ಮೇಲೆ ಹಗ್ಗ ಎಳೆಯುವ ಹಾಗೆ. ಕಂಪನಿ ಮುಚ್ಚುವ ಹೊತ್ತಿಗೆ ಅವರೇ ಅವಳ ಟ್ರಂಕು ಹೆಗಲ ಮೇಲಿಟ್ಟುಕೊಂಡು ತುಮಕೂರಿನ ವಿದ್ವಾಂಸರ ಮನೆಯವರೆಗೆ ನಡೆದು ಬಂದರು, ನನ್ ಹತ್ರ ಇರೋದು ಇಷ್ಟೇ ಕಣವ್ವ, ಇನ್ನು ಇವರ ಹತ್ರ ಕಲಿ ಅಂದರು, ವಿದ್ವಾಂಸರು ಮೊದಲ ದಿನವೇ, ಆ ಕಂಪನಿ ವಾಸನೆ ಮೊದಲು ತೊಳ್ಕೋಬೇಕು ಅಂತ ಅವರ ಎದುರಿಗೇ ಹೇಳಿದರೆ, ತೊಳೀಲಿ ಬುಡಿ ಬುದ್ದಿ ಅಂತ ನಕ್ಕುಬಿಟ್ಟರು, ಜಗುಲಿಯ ಮೇಲೆ ಕೊಟ್ಟ ಮಜ್ಜಿಗೆ ಕುಡಿದು ಲೋಟ ತಾವೇ ತೊಳೆದಿಟ್ಟು ಹೋದರು.

ಹೆಬ್ಬೂರು ಬಂತು, ಯಾರೋ ಇಳಿದರು, ಯಾರೋ ಕುಂಬಳಕಾಯಿ ಹತ್ತಿಸಿದರು, ಕಂಡಕ್ಟರು ಹುಷಾರು ಕಣಮ್ಮೋ, ಉರುಳುದ್ರೆ ಅದುಕ್ಕೂ ಟಿಕೆಟ್ಟು ಹರೀತೀನಿ ಅಂದ, ಎಲ್ಲರೂ ನಕ್ಕರು — ಅವತ್ತೂ ಹೀಗೇ ನಗು, ಎಂಬತ್ತನಾಲ್ಕರ ಬೇಸಿಗೆ ರಜ, ತುಮಕೂರಿನ ಛತ್ರದ ಮಹಡಿಯಲ್ಲಿ ಈ ಕ್ಯಾಸೆಟ್ಟಿನ ರೆಕಾರ್ಡಿಂಗು, ಬೀದಿಯ ಸದ್ದು ಬರಬಾರದು ಅಂತ ಹಾಸ್ಟೆಲಿನಿಂದ ರಜಾಯಿ ತಂದು ಕಿಟಕಿ ಬಾಗಿಲಿಗೆಲ್ಲ ಕಟ್ಟಿದ್ದರು, ಒಳಗೆ ಸೆಕೆಗೆ ಎಲ್ಲರೂ ಬೇಯುತ್ತಿದ್ದರು, ಮೇಷ್ಟ್ರು ಎಪ್ಪತ್ತನಾಲ್ಕು ವರ್ಷಕ್ಕೆ ಗುಬ್ಬಿ ಬಸ್ಸಿನ ಟಾಪಿನ ಮೇಲೆ ಕೂತು ಬಂದಿದ್ದರು, ಅಯ್ಯೋ ಕೆಳಗೆ ಕೂರಬಾರದಿತ್ತಾ ಅಂದರೆ, ಪೆಟ್ಟಿಗೆ ಮೇಲಿದ್ರೆ ನಾನು ಕೆಳಗೆ ಕುಂತ್ಕಳಕ್ಕಾಯ್ತದಾ, ಕಂಡಕ್ಟ್ರು ಪುಣ್ಯಾತ್ಮ ನನ್ನೂ ಸೇರ್ಸಿ ಹಗ್ಗ ಕಟ್ಟಿದ್ದ ಅಂದರು. ಮೊದಲನೇ ಹಾಡೇ ಕಾಡ ದಾರಿಯೇ ಹೇಳು, ತಾಯ ಹೆಜ್ಜೆ — ಭಲೆ ಮಗಾ. ಕಿವಿಗೆ ಹೆಡ್‌ಫೋನು ಹಾಕಿಕೊಂಡಿದ್ದ ರೆಕಾರ್ಡಿಂಗಿನ ಬೆಟ್ಟಸ್ವಾಮಿ ಕೈ ಎತ್ತಿದ, ಸ್ಪೂಲು ನಿಂತಿತು, ತಾತ, ಮಾತಾಡ್ಬಾರ್ದು ಕಣಪ್ಪ, ಎಲ್ಲಾ ಹಿಡ್ಕತದೆ ಇದು. ಆಯ್ತು ಕಣಪ್ಪ, ಬಾಯ್ತಪ್ಪಿ ಬಂತು. ಎರಡನೇ ಸಲವೂ ಭಲೆ, ಮೂರನೇ ಸಲ ಎಲೆಅಡಿಕೆ ಹಾಕಿಕೊಂಡು ಕೂತರು, ಎಲೆಅಡಿಕೆ ಸಮೇತ ಭಲೆ, ನಾಲ್ಕನೇ ಸಲ ಟವಲು ಕಚ್ಚಿಕೊಂಡರು, ಟವಲಿನೊಳಗಿಂದ ಹ್ಞೂಂ ಅಂತೇನೋ ಬಂತು, ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ಮೇಷ್ಟ್ರೂ ನಕ್ಕರು, ನಾನೇನ್ಮಾಡ್ಲಿ, ಬೆರಳು ಅಲ್ಲಿಗೆ ಹೋದ್ರೆ ಬಾಯಿ ತಾನೇ ತಾನಾಗಿ ಅಂತದೆ ಅಂದರು, ಆರನೇ ಸಲಕ್ಕೆ ಯಾರೂ ನಗಲಿಲ್ಲ. ಮಹಾಲಿಂಗಯ್ಯ ಪಕ್ಕಕ್ಕೆ ಕರೆದು, ಛತ್ರ ಐದು ಗಂಟೆಗೆ ಬಿಡ್ಬೇಕು ಮೇಡಮ್ಮೋರೆ, ನಮ್ಮ ಆರ್ಕೆಸ್ಟ್ರಾದ ಮೂಡಲಗಿರಿಯಪ್ಪ ಇಲ್ಲೇ ಅವ್ನೆ, ಅದೇ ಪೆಟ್ಟಿಗೇಲಿ ನುಡುಸ್ತಾನೆ, ಮೇಷ್ಟ್ರಿಗೆ ನೀವೇ ಒಂದ್ಮಾತು ಹೇಳ್ಬುಡಿ, ನಿಮ್ಮ ಮಾತಾದ್ರೆ ಅವ್ರು ಬೇಜಾರು ಮಾಡ್ಕಳಲ್ಲ ಅಂದರು. ಹೇಳಿದಳು. ಮೇಷ್ಟ್ರೇ, ಸ್ವಲ್ಪ ಹೊತ್ತು ವೆರಾಂಡದಲ್ಲಿ ಗಾಳಿಗೆ ಕೂತ್ಕೊಳಿ, ಮುಂದಿನ ಹಾಡಿಗೆ ಕರೀತೀನಿ — ಎಂಥ ನಯವಾದ ದನಿ, ಪ್ರಾರ್ಥನೆಯಲ್ಲಿ ಶ್ರುತಿ ಸೇರದ ಹುಡುಗಿಯರನ್ನು ಹಿಂದಿನ ಸಾಲಿಗೆ ಕಳಿಸುವಾಗ ಬರುತ್ತದಲ್ಲ, ಅದೇ ದನಿ. ಆಗ್ಲಿ ಮಗಾ, ನೀನು ಹಾಡು ಅಂತ ಎದ್ದರು, ಮೂಡಲಗಿರಿಯಪ್ಪ ಒಳ್ಳೆಯವನು, ಚಪ್ಪಲಿ ಬಿಟ್ಟು, ಪೆಟ್ಟಿಗೆಗೂ ಅವರಿಗೂ ನಮಸ್ಕಾರ ಮಾಡಿ ಆಮೇಲೆ ತುಳಿಯುವ ಹಲಗೆಯ ಮೇಲೆ ಕಾಲಿಟ್ಟ, ಎಡಗಡೇದು ಸ್ವಲ್ಪ ಬಿಗಿ ಐತೆ ಕಣಪ್ಪ, ಮೆಲ್ಲಗೆ ತುಳಿ ಅಂತ ಹೇಳಿಕೊಟ್ಟು ಹೋದರು.

ಬಾಗಿಲಿಗೆ ಕಟ್ಟಿದ ರಜಾಯಿ ನೆಲದ ತನಕ ಬಂದಿರಲಿಲ್ಲ, ಒಂದು ಗೇಣು ಮೇಲೇ ನಿಂತಿತ್ತು, ಆ ಸಂದಿಯಲ್ಲಿ ವೆರಾಂಡದ ಸಿಮೆಂಟು ನೆಲ, ಬಿಸಿಲು, ಅವರ ಪಾದ — ಎರಡನೇ ಹಾಡಿನ ಹೊತ್ತಿಗೆ ಕಂಡಿತು, ಬಲಪಾದ ನೆಲವನ್ನು ಒತ್ತುತ್ತಿದೆ, ಏಳುತ್ತಿದೆ, ಒತ್ತುತ್ತಿದೆ, ಅದು ತಾಳವಲ್ಲ, ಗಾಳಿ ತುಂಬುವುದು, ತನ್ನ ದನಿ ಎಲ್ಲಿ ಏರಬೇಕೋ ಅದಕ್ಕೆ ಒಂದು ಮಾತ್ರೆ ಮುಂಚೆ ಸರಿಯಾಗಿ ತುಳಿಯುತ್ತಿದ್ದಾರೆ, ಪೆಟ್ಟಿಗೆ ಇಲ್ಲ, ಹಲಗೆ ಇಲ್ಲ, ಬರೀ ನೆಲ. ಮುಂದಿನ ಹಾಡಿಗೆ ಕರೆಯೋಣ ಅಂದುಕೊಂಡಳು, ಮೂರನೇದು ಚೆನ್ನಾಗಿ ಬಂದುಬಿಟ್ಟಿತು, ಇದೊಂದು ಆಗಲಿ, ನಾಲ್ಕನೇದು, ಛತ್ರದ ಅಡಿಗೆಯಮ್ಮ ಕೇಳದೇ ಅವರಿಗೆ ಕಾಫಿ ತಂದುಕೊಟ್ಟಿದ್ದು ಬರೀ ಪಾದಗಳಿಂದಲೇ ಗೊತ್ತಾಯಿತು, ಅವಳದೆರಡು ಬಂದವು, ನಿಂತವು, ಹೋದವು, ಐದು, ಆರು, ಕರೆಯಲೇ ಇಲ್ಲ, ಯಾರೂ ತಡೆದಿರಲಿಲ್ಲ, ಒಂದು ಮಾತು, ಬನ್ನಿ ಮೇಷ್ಟ್ರೇ ಅಂದಿದ್ದರೆ ಆಗುತ್ತಿತ್ತು, ಚೆನ್ನಾಗಿ ಬರುತ್ತಿದೆಯಲ್ಲ ಅನ್ನುವ ಆಸೆ, ಅಷ್ಟೇ, ಐವತ್ತು ವರ್ಷಕ್ಕೆ ಮೊದಲ ಸಲ ತನ್ನ ಹೆಸರು ಅಚ್ಚಾಗುತ್ತದಲ್ಲ ಅನ್ನುವ ಆಸೆ.

ಆಮೇಲೆ ಎಲ್ಲರೂ ಹೊಗಳಿದ್ದು ಅದನ್ನೇ, ಹೆಜ್ಜೆ ಅಂದು ಒಂದು ಕ್ಷಣ ನಿಲ್ಲಿಸಿ ಎಲ್ಲಿ ಅಂತ ಏರುವುದು, ಪೇಪರಿನಲ್ಲಿ ಬರೆದರು, ಹೆಡ್‌ಮಿಸ್ಟ್ರೆಸ್ಸು, ಏನಮ್ಮಾ ಆ ಮೌನ, ಅದೊಂದಕ್ಕೇ ಕೊಡಬೇಕು ನಿಮಗೆ ಬಿರುದು ಅಂದರು, ಥ್ಯಾಂಕ್ಸ್ ಮೇಡಂ ಅಂದಳು, ಹೇಗೆ ಹೇಳುವುದು, ತಾನು ನಿಲ್ಲಿಸಲಿಲ್ಲ ಅಂತ, ಭಲೆಗೆ ಕಾದಿದ್ದು ಅಂತ, ಅದು ಬರಲಿಲ್ಲ ಅಂತ. ಮೇಷ್ಟ್ರು ಒಂದು ದಿನವೂ ಅದರ ಮಾತೆತ್ತಲಿಲ್ಲ, ಅವತ್ತು ಐದು ಗಂಟೆಗೆ ರಜಾಯಿ ಬಿಚ್ಚಿ ಆಚೆ ಬಂದರೆ, ಮುಗೀತಾ ಮಗಾ, ಗಂಟಲಿಗೆ ಬಿಸಿನೀರು ಕುಡಿ ಅಂತ ಅಂದರು, ಪೆಟ್ಟಿಗೆಯ ಜೊತೆ ಟಾಪು ಹತ್ತಿದರು. ಹೋದ ತಿಂಗಳು ತೀರಿಕೊಂಡರು, ಮೂರನೇ ದಿನ ಗುಬ್ಬಿಗೆ ಹೋದಾಗ ಚಿಕ್ಕಮಾರಮ್ಮನವರು, ಅವರ ಹೆಂಡತಿ, ಕಣ್ಣು ಕಾಣುವುದು ಅಷ್ಟಕ್ಕಷ್ಟೇ, ಕೈ ಹಿಡಿದು ಕೂರಿಸಿಕೊಂಡು ದೇವರ ಗೂಡಿನಿಂದ ಅದೇ ಕ್ಯಾಸೆಟ್ಟು ತೆಗೆದರು, ಕವರು ಕೂಡ ಬಿಚ್ಚಿಲ್ಲ, ಹಾಕುವ ಮಿಷಿನ್ನು ಆ ಮನೆಯಲ್ಲಿ ಎಲ್ಲಿತ್ತು, ನಮ್ಮೆಜಮಾನ್ರು ನುಡ್ಸಿರೋದಂತೆ ಮಗಳೇ ಇದ್ರಾಗೆ, ನಾನು ಭಲೆ ಅಂದಿದ್ನೂ ಹಿಡ್ದವ್ರೆ ಕಣೇ ಅಂತ ಬೀದಿಗೆಲ್ಲಾ ಹೇಳ್ಕಂಡು ಬಂದಿದ್ರು, ನೀನು ಮಿಷಿನ್ ತಂದು ಒಂದೇ ಒಂದ್ಸಲ ಆ ದನಿ ಕೇಳುಸ್ಬುಡು, ಇನ್ನೇನೂ ಕೇಳಕಿಲ್ಲ ನಿನ್ನ. ತರ್ತೀನಿ ಅಮ್ಮಾ ಅಂದುಬಿಟ್ಟಳು. ಯಾರ ಮಾನ ಉಳಿಸಲು ಹಾಗೆ ಹೇಳಿಕೊಂಡು ತಿರುಗಿದರು ಮೇಷ್ಟ್ರು, ತಮ್ಮದೇ, ಅಲ್ಲ, ತಮ್ಮದಲ್ಲ.

ಅದಕ್ಕೇ ಇವತ್ತು ಕುಣಿಗಲ್ಲಿಗೆ ಬಂದಿದ್ದು, ಬೆಟ್ಟಸ್ವಾಮಿ ಈಗ ಅಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದಾನೆ, ಕೆಟ್ಟುಹೋದ ಆ ಆರು ಸಲದ ಸ್ಪೂಲು ಎಲ್ಲಾದರೂ ಉಳಿದಿದ್ದರೆ, ಒಂದು ಭಲೆಯಾದರೂ — ಅದೆಲ್ಲಿ ಉಳೀತದೆ ಮೇಡಮ್ಮೋರೆ, ಅದ್ರ ಮೇಲೆ ಎಲೆಕ್ಷನ್ ಪ್ರಚಾರ ತುಂಬುಸ್ಬುಟ್ಟೆ ಅಂದ, ಯಾವ ಪಾರ್ಟಿದಪ್ಪಾ ಅಂತ ಯಾಕೋ ಕೇಳಿದಳು, ಇಬ್ರುದೂ ಅಂದ. ಅವಳ ಮುಖ ನೋಡಿ ಸ್ಟೂಲು ಒರೆಸಿ ಕೂರಿಸಿದ, ಟೀ ತರಿಸಿದ, ತಾನು ಕುಡಿಯಲಿಲ್ಲ, ತಲೆ ಕೆರೆದುಕೊಂಡು ನಿಂತು, ಅಜ್ಜಿಗೆ ಒಂದು ಭಲೆ ತಾನೇ ಬೇಕಾಗಿರೋದು, ನಾನೇ ಅಂದ್ಬುಡ್ತೀನಿ ಬುಡಿ ಅಂದ, ಬೇಡ ಅನ್ನುವುದರೊಳಗೆ ಷಟರು ಅರ್ಧ ಎಳೆದ, ಅವಳ ಹಾಡನ್ನು ಒಂದು ಖಾಲಿ ಬಿಳಿ ಕ್ಯಾಸೆಟ್ಟಿಗೆ ಇಳಿಸಲು ಹಚ್ಚಿ ಜೊತೆಗೆ ಮೈಕು ಸಿಕ್ಕಿಸಿದ, ಗಂಟಲು ಗೊರಗೊರ ಮಾಡಿಕೊಂಡ, ಅವನಿಗೆ ಜಾಗ ಹುಡುಕುವ ಕಷ್ಟವೇ ಇರಲಿಲ್ಲ, ಅಲ್ಲೇ ಇತ್ತು, ಖಾಲಿ, ಅಳತೆ ಮಾಡಿ ಬಿಟ್ಟ ಹಾಗೆ, ಕೂತುಬಿಟ್ಟಿತು ಭಲೆ ಮಗಾ, ಮೈ ಜುಮ್ಮೆಂದಿತು, ಮರುಕ್ಷಣ ಗೊತ್ತಾಯಿತು, ಇದು ಮೂವತ್ತೈದು ವರ್ಷದ ಗಂಡಸಿನ ಗಂಟಲು, ಸ್ವಲ್ಪ ನೆಗಡಿ ಬೇರೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿಕೊಟ್ಟ, ಬಸ್ಸಿನವರೆಗೆ ಬಂದು ಹತ್ತಿಸಿದ. ಅಜ್ಜಿಗೆ ಕಿವಿಯೂ ಮಂದ, ಗೊತ್ತಾಗಲಿಕ್ಕಿಲ್ಲ — ಐವತ್ತೈದು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಗೊತ್ತಾಗದೇ ಇರುತ್ತದೆಯೇ, ಗೊತ್ತಾಗುತ್ತದೆ, ಗೊತ್ತಾದರೂ, ಅವರೇ ಕಣವ್ವ, ಅವರೇ, ಅಂತ ಅಂದುಬಿಡುತ್ತಾರೆ, ಗಂಡನ ಹಾಗೆಯೇ, ತನ್ನ ಮುಖ ಉಳಿಯಲಿ ಅಂತ, ಬಿಸಿನೀರು ಕಾಸಿ ಕೊಡುತ್ತಾರೆ, ಅದನ್ನು ಕುಡಿದು ಬರಬೇಕು. ಬೇಡ. ಆ ಮನೆಯಿಂದ ಇನ್ನು ಏನನ್ನೂ ತೆಗೆದುಕೊಳ್ಳಬಾರದು.

ಗೂಳೂರು ದಾಟಿತು, ಡ್ರೈವರು ಒಂದು ಕೈಯಲ್ಲಿ ಕ್ಯಾಸೆಟ್ಟು ತೆಗೆದು ತಿರುಗಿಸಿ ಹಾಕಿದ, ಸರ್ರ್ ಅಂತ ಸದ್ದು, ಶ್ರುತಿ, ಮೂಡಲಗಿರಿಯಪ್ಪನ ಬೆರಳು, ಕಾಡ ದಾರಿಯೇ ಹೇಳು, ಪಕ್ಕದ ಹೆಂಗಸು ಮೊಣಕೈಯಿಂದ ತಿವಿದಳು, ಇಲ್ಲಿ ನಿಲ್ಲುಸ್ತಾಳೆ ನೋಡಿ ಅಮ್ಮಾ, ನಂಗೆ ಎದೆ ಝಲ್ ಅಂತದೆ, ತಾಯ ಹೆಜ್ಜೆ — ಹೇಳಿಬಿಡಬೇಕು, ಬಿಳಿ ಕ್ಯಾಸೆಟ್ಟು ಆಚೆಗೆ ತೆಗೆಯುವುದೇ ಬೇಡ, ಹೋಗಿ ಕೂತ ತಕ್ಷಣ ಹೇಳಬೇಕು, ಅಮ್ಮಾ, ಅದರಲ್ಲಿ ಅವರ ದನಿ ಇಲ್ಲ, ನುಡಿಸಿದ್ದೂ ಅವರಲ್ಲ, ನಾನೇ ಆಚೆಗೆ ಕಳಿಸಿದೆ, ಕರೀತೀನಿ ಅಂದೆ, ಕರೀಲಿಲ್ಲ — ಇಷ್ಟೇ ತಾನೇ, ನಾಲ್ಕು ಮಾತು, ಹುಡುಗಿಯರಿಗೆ ಪಾಠ ಒಪ್ಪಿಸಿ ಅನ್ನುತ್ತೇನಲ್ಲ, ಒಪ್ಪಿಸಬೇಕು, ಮರಳೂರು ಬಂತು, ಮನೆಗಳು, ಅಂಗಡಿಗಳು, ಇನ್ನು ಸ್ಟ್ಯಾಂಡು, ಮತ್ತೆ ಮೊದಲಿಂದ, ಅಮ್ಮಾ, ನಾನೇ ಆಚೆಗೆ ಕಳಿಸಿದೆ, ಯಾಕವ್ವಾ ಅನ್ನುತ್ತಾರೆ, ಅನ್ನಲಿ, ಅವರು ಆಚೆ ಏನ್ಮಾಡ್ತಿದ್ರು ಅಂತ ಕೇಳುತ್ತಾರೆ, ಅದನ್ನು ಕೇಳೇ ಕೇಳುತ್ತಾರೆ, ಆಗ ಹೇಳಬೇಕು, ಕೂತಿದ್ರು ಅಮ್ಮಾ, ನಾನು ಒಳಗೆ ಹಾಡ್ತಾ ಇದ್ದೆ, ರಜಾಯಿ ಕೆಳಗೆ ಕಾಣ್ತಿತ್ತು, ಅವರ ಕಾಲು — ಅವರ ಕಾಲು, ಅಮ್ಮಾ — ಸಿಮೆಂಟು ನೆಲ, ಬಿಸಿಲು, ಬಲಪಾದ ಒತ್ತುತ್ತಿದೆ, ಏಳುತ್ತಿದೆ, ಒತ್ತುತ್ತಿದೆ